ಚಾವಿ ಇಳಿದಾಗ ಕೇಳಿದ ದನಿ

“ಆ ಇಂಗ್ಲಿಷ್ ಹುಡಿಗಿ ಏನ್ ಹಾಡ್ಯಾಳ್ರಿ ಸಾಹೇಬ್ರ! ಗಂಟಲಲ್ಲದು, ಗುಬ್ಬಿ!” ಎಂದು ನಾಟಕ ಕಂಪನಿಯ ಅಜ್ಜಪ್ಪ ಮಾಸ್ತರರು ಫೋನೋ ಪೆಟ್ಟಿಗೆಯ ಅಂಚಿಗೆ ಬೆರಳಿನಿಂದ ತಾಳ ಹಾಕಿದರು.

ಫೌಜದಾರ ಉಳಿವೆಪ್ಪ ತಿರುಗುವ ಪ್ಲೇಟನ್ನೇ ನೋಡುತ್ತಿದ್ದ. ನಾಟಕದ ಥಿಯೇಟರಿನ ತಗಡಿನ ಗೋಡೆಯ ತೂತುಗಳಿಂದ ಹಿರೇಕೆರೂರಿನ ಮಧ್ಯಾಹ್ನದ ಬಿಸಿಲು ಒಳಗೆ ಬಿದ್ದಿತ್ತು. ರಂಗದ ಮೇಲೆ ಅರಮನೆಯ ಪರದೆ ಅರ್ಧ ಸುತ್ತಿಕೊಂಡು ಜೋತಾಡುತ್ತಿತ್ತು. ಅದರ ಕೆಳಗೆ ಕಂಪನಿಯ ಹಳೆಯ ಫೋನೋ, ಚಾವಿ ಕೊಟ್ಟು ತಿರುಗಿಸುವ ಗ್ರಾಮೋಫೋನು, ಅದರ ಮೇಲೆ ಊಟದ ತಾಟಿಗಿಂತ ಸಣ್ಣದೊಂದು ಕರಿ ಪ್ಲೇಟು. ತಿರುಗುವ ರಭಸಕ್ಕೆ ಅದರ ನಡುವಿನ ಕೆಂಪು ಕಾಗದ ಬರೀ ಕೆಂಪು ಬೊಟ್ಟಿನಂತೆ ಕಾಣುತ್ತಿತ್ತು.

ಆ ಪ್ಲೇಟು ಸವಣೂರಿನ ಇಸಾಕನದು. ಮಾಸೂರಿನ ಮದಗದ ಕೆರೆಯ ದಂಡೆಯಲ್ಲಿ ಅವನ ಸೈಕಲ್ಲೂ ರಕ್ತ ಮೆತ್ತಿದ ಅಂಗಿಯೂ ಸಿಕ್ಕು, ಹೆಣ ಮಾತ್ರ ಸಿಗದೆ, ಆ ದಿನ ಅವನನ್ನು ಊಟಕ್ಕೆ ಕರೆದಿದ್ದ ಗೆಳೆಯ ಮುನಾಫ ಕೊಲೆಗಾರನೆಂದು ಲಾಕಪ್ಪಿನಲ್ಲಿ ಕೂತಿದ್ದ.

ನಾಳೆ ಬೆಳಗಾದರೆ ಮುನಾಫನನ್ನು ಹಾವೇರಿಯ ಕೋರ್ಟಿಗೆ ಒಯ್ಯಬೇಕು. ಮೇಲಿನವರ ಹುಕುಂ ಬಂದಾಗಿದೆ. ಠಾಣೆಯ ಮುಂದಿನ ಬೇವಿನ ಮರದ ಬುಡದಲ್ಲಿ ಅವನ ಹೆಂಡತಿ ಹಮೀದುನ್ನೀಸಾ ಕೂಸನ್ನು ಕಟ್ಟಿಕೊಂಡು ಕೂತುಬಿಟ್ಟಿದ್ದಾಳೆ. ಉಳಿವೆಪ್ಪ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅವಳದು ಒಂದೇ ಮಾತು: “ಬಿಡ್ರಿ ಸಾಹೇಬ್ರ, ನನ್ನ ಗಂಡನ್ನ ಬಿಡ್ರಿ.” ಈ ಮಾತು ಉಳಿವೆಪ್ಪನ ಊಟವನ್ನು ಕೆಡಿಸಿತ್ತು. ಫೌಜದಾರರಿಗೆ ಊಟ ಕೆಡುವುದು ಸಣ್ಣ ಸಂಗತಿಯಲ್ಲ, ಅದರಲ್ಲೂ ಉಳಿವೆಪ್ಪನಂಥ ಊಟದ ಮನುಷ್ಯನಿಗೆ.

ಮುನಾಫ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುವವನು. ಶಿಗ್ಗಾಂವಿಯಿಂದ ಹಾನಗಲ್ಲಿನವರೆಗೆ ಅವನು ಊದದ ಮದುವೆಯಿಲ್ಲ. ಹಿಡಿದು ತಂದಾಗಿನಿಂದ ಕೊಂದೆ ಎಂದೂ ಅನ್ನಲಿಲ್ಲ, ಕೊಂದಿಲ್ಲ ಎಂದೂ ಅನ್ನಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಬಿಸಿಲು ಹೊತ್ತಿನಲ್ಲೂ ಅಂಗಿ ಬಿಚ್ಚದೆ, ಸುಮ್ಮನೆ ಕೂಡುತ್ತಾನೆ. ಉಳಿವೆಪ್ಪ ಎಷ್ಟೋ ಕೊಲೆಗಾರರನ್ನು ನೋಡಿದ್ದ. ಅವರು ಅಳುತ್ತಾರೆ, ಬೈಯುತ್ತಾರೆ, ಸುಳ್ಳು ಹೇಳುತ್ತಾರೆ, ಬೀಡಿ ಕೇಳುತ್ತಾರೆ. ಇಷ್ಟು ಸುಮ್ಮನೆ ಕೂತವನನ್ನು ನೋಡಿರಲಿಲ್ಲ.

“ಮಾಸ್ತರ, ಈ ಪ್ಲೇಟು ನಿಮ್ಮ ಕೈಗೆ ಹ್ಯಾಂಗ ಬಂತು, ಇನ್ನೊಮ್ಮೆ ಹೇಳ್ರಿ” ಎಂದ ಉಳಿವೆಪ್ಪ.

“ಆಗಳೇ ಹೇಳೇನಲ್ರಿ. ಇಸಾಕ ತಾನೇ ಕೊಟ್ಟ. ನಾವು ಹಾನಗಲ್ಲಾಗ ಇದ್ದಾಗ ದಿನಾ ಬಂದು ನನ್ನ ಪೆಟಗಿ ಬಾಜು ಕುಂಡ್ರತಿದ್ದ. ಸಾಲಿಗೆ ಸಾಲು ಹಾಡಿ ಕಲಿಸಿದ. ‘ಮಾಸ್ತರ, ಇದನ್ನ ಕನ್ನಡಕ್ಕ ಹಚ್ರಿ, ಮಂದಿ ಹುಚ್ಚೆದ್ದು ಕುಣಿತಾರ’ ಅಂದ. ಆಮ್ಯಾಲ ಆ ಪುಣ್ಯಾತ್ಮ ಹ್ವಾದ. ಸತ್ತವನ ಮಾತು ನಡಸೇನಿ, ಅಷ್ಟರಿ.”

ಪೆಟಗಿ ಎಂದರೆ ಮಾಸ್ತರರ ಹಾರ್ಮೋನಿಯಂ. ಅವರ ಮುಖ ಮುದಿ ಆಡಿನ ಮುಖದಂತೆ ಉದ್ದಕ್ಕೆ ಇಳಿದಿತ್ತು. ಮಾತಾಡುವಾಗ ಗಡ್ಡವೂ ಆಡುತ್ತಿತ್ತು.

“ಬಾಜು ಕುಂತು ಹಾಡಿದ?”

“ಹೂನ್ರಿ. ಹಿಂಗ, ನೀವು ಈಗ ಕುಂತಾಂಗ.”

ಜಮಾದಾರ ಬಂದೇಸಾಬ ಸಾಹೇಬರ ಹಿಂದೆ ನಿಂತು ಕಾಲಿನಲ್ಲಿ ತಾಳ ಹಾಕುತ್ತಿದ್ದ. ಉಳಿವೆಪ್ಪ ತಿರುಗಿ ನೋಡಿದ್ದಕ್ಕೆ ಕಾಲು ತಂತಾನೇ ನಿಂತಿತು.

ಬಂದೇಸಾಬನದೇನೂ ತಪ್ಪಿರಲಿಲ್ಲ. ಆ ಹಾಡು ಆಗ ಊರೆಲ್ಲ ಹಿಡಿದಿತ್ತು. ಇಂಗ್ಲಿಷಿನ ರಾಕ್ ಹಾಡಿನ ಧಾಟಿಗೆ ಮಾಸ್ತರರು ಕನ್ನಡ ಕೂಡಿಸಿದ್ದರು. ಕಂಪನಿಯ ಹೀರೋಯಿನ್ ಮಾದೇವಿ ಸೈಕಲ್ಲು ಹಿಡಿದು ರಂಗಕ್ಕೆ ಬಂದು,

“ಟ್ರಿಣ್ ಟ್ರಿಣ್ ಗಂಟಿ, ಬಂದಳು ತುಂಟಿ,
ಸೈಕಲ್ಲ ಇಳಿದು ನಿಂತಳು ಒಂಟಿ,
ಕೈ ಹಿಡಿಯಾಕ ಹ್ವಾದಂವಗ ಕೈ ತುಂಬ ಶುಂಠಿ”

ಎಂದು ಹಾಡಿದರೆ ನೆಲದ ಕ್ಲಾಸಿನಿಂದ ರುಮಾಲುಗಳು ಹಾರುತ್ತಿದ್ದವು. ಒನ್ಸ್ ಮೋರ್ ಮೇಲೆ ಒನ್ಸ್ ಮೋರ್. ಬಾವಿಕಟ್ಟೆಯಲ್ಲಿ, ಚಹದಂಗಡಿಯಲ್ಲಿ, ಶಾಲೆಯ ಬಯಲಿನಲ್ಲಿ ಅದೇ ಹಾಡು. ಉಳಿವೆಪ್ಪನೂ ಎಷ್ಟೋ ಸಲ ಕೇಳಿದ್ದ, ಕೇಳಿ ಮರೆತಿದ್ದ.

ಮರೆಯಲು ಬಿಡದಿದ್ದದ್ದು ನಿನ್ನೆಯ ಆಟ.

ಬಂದೇಸಾಬನ ಒತ್ತಾಯಕ್ಕೆ ಉಳಿವೆಪ್ಪ ನಾಟಕಕ್ಕೆ ಹೋಗಿದ್ದ. ಹಾಡು ಎಂದಿನಂತೆ ಕುದುರೆಯ ಓಟದಲ್ಲಿ ಓಡಿತು. ಆದರೆ ಕಡೆಯ ನುಡಿಗೆ ಬಂದಾಗ ಮಾದೇವಿ ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಹಾರ್ಮೋನಿಯಂ ಅವಸರ ಮಾಡಿತು, ತಬಲ ಎಳೆದಾಡಿತು. ಅವಳು ಯಾವುದಕ್ಕೂ ಕಿವಿಗೊಡದೆ, ಒಂದೊಂದೇ ಅಕ್ಷರ ಇಳಿಸಿ ಇಳಿಸಿ ಹಾಡಿದಳು.

“ದೂರ ಇದ್ದರ ನೀ ಬೆಲ್ಲದ ಚೂರು...”

ನಗಿಸಲೆಂದೇ ಮಾಸ್ತರರು ಬರೆದ ಸಾಲು. ಥಿಯೇಟರಿನಲ್ಲಿ ಒಬ್ಬರೂ ನಗಲಿಲ್ಲ. ಈ ಧಾಟಿಯನ್ನು ತಾನು ಬೇರೆ ಎಲ್ಲೋ, ಬೇರೆ ಒಬ್ಬರ ಬಾಯಲ್ಲಿ ಕೇಳಿದ್ದೇನೆ ಎನ್ನುವುದು ಅವನಿಗೆ ಕೂತಲ್ಲೇ ಖಾತ್ರಿಯಾಯಿತು.

ಕೇಳಿದ್ದು ಸವಣೂರಿನಲ್ಲಿ. ಇಸಾಕನ ತಾಯಿ ಇಮಾಮಬಿಯ ಹೇಳಿಕೆ ಬರೆದುಕೊಳ್ಳಲು ಹೋದಾಗ ಆ ಮುದುಕಿ ಎದುರಿಗೆ ವೀಳ್ಯದೆಲೆಯ ರಾಶಿ ಹಾಕಿಕೊಂಡು ಕಟ್ಟು ಕಟ್ಟುತ್ತಿದ್ದಳು. ಮಗ ಸತ್ತ ಸುದ್ದಿ ಕೇಳಿಯೂ ಕೈ ಎಲೆ ಬಿಟ್ಟಿರಲಿಲ್ಲ, ಬಿಟ್ಟರೆ ಜೀವ ಎಲ್ಲಿ ಹೋಗುತ್ತದೋ ಎನ್ನುವ ಹಾಗೆ. ಎಲೆ ಜೋಡಿಸುತ್ತ ಬಾಯಿಯಲ್ಲೇ ಏನೋ ಗುನುಗುತ್ತಿದ್ದಳು. ಅದೇನೆಂದು ಕೇಳಿದ್ದಕ್ಕೆ ಹೇಳಿದ್ದಳು:

“ನನ್ನ ಮಗಂದು ಸಾಹೇಬ್ರ. ಮುಂಬೈಯಾಗ ಹಡಗದ ಮ್ಯಾಲ ಇದ್ದಾಗ ಕಲಿತಿದ್ದ. ಹಡಗ ದಂಡಿ ಬಿಡೂಮುಂದ, ದಂಡ್ಯಾಗ ನಿಂತಾಕಿ ಸಣ್ಣಾಕಿ ಆಕ್ಕೋತ ಹೋಗ್ತಾಳಂತ. ಅದರ ಹಾಡು. ಪ್ಲೇಟು ತಂದಿದ್ದ, ನಮ್ಮನ್ಯಾಗ ಫೋನೋ ಎಲ್ಲೈತ್ರಿ? ತಾನೇ ಹಾಡಿ ತೋರಿಸ್ತಿದ್ದ.”

ಅದೇ ಧಾಟಿ. ಇಮಾಮಬಿಯದು ಮತ್ತು ಮಾದೇವಿಯ ಕಡೆಯ ನುಡಿ, ಎರಡೂ ಒಂದೇ ನಡೆಯವು. ನಡುವೆ ಇದ್ದ ಟ್ರಿಣ್ ಟ್ರಿಣ್ ಮಾತ್ರ ಯಾವುದೋ ಬೇರೆ ಪ್ರಾಣಿ. ರಾತ್ರಿಯ ಆ ಗೊಂದಲವನ್ನು ಹೊತ್ತುಕೊಂಡೇ ಉಳಿವೆಪ್ಪ ಈಗ ಮಾಸ್ತರರ ಎದುರಿಗೆ ಕೂತಿದ್ದ.

ಫೋನೋ ಹಾಡುತ್ತಲೇ ಇತ್ತು. ಗುಬ್ಬಿಯ ದನಿ ಕೀಚು ಕೀಚು ಎಂದು ಏರಿ, ಇಳಿದು, ಓಡಿ, ಮುಗ್ಗರಿಸಿ ಮತ್ತೆ ಓಡುತ್ತಿತ್ತು. ಹಿಂದೆ ಗಿಟಾರೋ ಡೊಳ್ಳೋ ತಿಳಿಯದ ಗದ್ದಲ. ದಪ್ಪ ಉಕ್ಕಿನ ಸೂಜಿ ಉಜ್ಜಿದಂತೆಲ್ಲ ಪ್ಲೇಟಿನ ಮೇಲೆ ಬೂದಿಯಂಥ ಪುಡಿ ಏಳುತ್ತಿತ್ತು.

ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ಚಾವಿ ಇಳಿಯತೊಡಗಿತು.

ಮಾಸ್ತರರು ಹ್ಯಾಂಡಲಿಗೆ ಕೈ ಹಾಕಿದರು. “ತಡೀರಿ, ಚಾವಿ ಕೊಡ್ತೇನಿ.”

“ಬ್ಯಾಡ” ಎಂದ ಉಳಿವೆಪ್ಪ. ಯಾಕೆ ಬೇಡವೆಂದನೋ ಅವನಿಗೇ ಗೊತ್ತಿರಲಿಲ್ಲ. ಕಿವಿಗೆ ಏನೋ ಸುಳಿವು ಹತ್ತಿತ್ತು.

ಪ್ಲೇಟು ತೂಕಡಿಸಿದಂತೆ ನಿಧಾನವಾಯಿತು. ಗುಬ್ಬಿಯ ಕೀಚಲು ಹುಡುಗಿಯ ದನಿಯಾಯಿತು. ಹುಡುಗಿಯ ದನಿ ಇನ್ನೂ ಇಳಿದು ಮೀಸೆ ಮೂಡದ ಹುಡುಗನದಾಯಿತು. ಅದೂ ಇಳಿಯಿತು. ಆಮೇಲೆ, ಒಂದು ಉಸಿರಿನಷ್ಟು ಹೊತ್ತು, ಆ ತಗಡಿನ ಥಿಯೇಟರಿನಲ್ಲಿ ತುಂಬಿದ ಎದೆಯ ಒಬ್ಬ ಗಂಡಸು ಹಾಡಿದ. ಯಾವ ದೇಶದವನೋ, ಯಾವ ಬಂದರದವನೋ. ಮಾತು ತಿಳಿಯಲಿಲ್ಲ, ದುಃಖ ತಿಳಿಯಿತು. ಇಮಾಮಬಿ ಗುನುಗಿದ ಧಾಟಿ ಅದೇ, ಅದೇ ನಡೆ.

ಮರುಕ್ಷಣ ಆ ದನಿಯೂ ಗೊರಕೆಯಾಗಿ, ಗರ್ ಎಂದು ನಿಂತಿತು.

“ಯಾ ಖುದಾ” ಎಂದ ಬಂದೇಸಾಬ.

ಉಳಿವೆಪ್ಪ ಪ್ಲೇಟನ್ನು ಎತ್ತಿ ಬೆಳಕಿಗೆ ಹಿಡಿದ. ನಡುವಿನ ಕೆಂಪು ಕಾಗದದ ಮೇಲೆ ಸಣ್ಣದಾಗಿ ನಲವತ್ತೈದು ಎಂಬ ಅಂಕಿ. ಪಕ್ಕದಲ್ಲಿ ಕಂಪನಿಯ ದೊಡ್ಡ ಪ್ಲೇಟುಗಳ ಅಡಕಲು ಇತ್ತು. ಆಟಕ್ಕೆ ಮೊದಲು ಜನ ಕೂಡಿಸಲು ಹಾಕುವ ಹಳೆಯ ನಾಟಕದ ಪದಗಳು. ಮೇಲಿನದನ್ನು ತೆಗೆದು ನೋಡಿದ. ಎಪ್ಪತ್ತೆಂಟು. ಅದರ ಕೆಳಗಿನದು, ಎಪ್ಪತ್ತೆಂಟು. ಇಂಗ್ಲಿಷು ಕೂಡಿಸಿ ಓದುವಷ್ಟು ಬಾರದಿದ್ದರೂ ಅಂಕಿ ಬರುತ್ತಿತ್ತು, ಅದು ನಿಮಿಷಕ್ಕಿಷ್ಟು ಸುತ್ತು ಎಂಬ ಲೆಕ್ಕವೂ ಹೊಳೆಯಿತು. ಈ ಸಣ್ಣ ಪ್ಲೇಟು ನಿಧಾನ ತಿರುಗುವ ಬೇರೆ ಮಶೀನಿನದು, ಕಂಪನಿಯ ಈ ಮುದಿ ಪೆಟ್ಟಿಗೆಗೆ ಒಂದೇ ಓಟ ಗೊತ್ತು ಎಂದು ತಿಳಿಯಲು ಅಷ್ಟು ಸಾಕಾಯಿತು.

“ಬಂದೇಸಾಬ, ಚಾವಿ ಕೊಡು.”

ಚಾವಿ ಕೊಟ್ಟಾಯಿತು. ಉಳಿವೆಪ್ಪ ಸೂಜಿ ಇಳಿಸಿ, ತಿರುಗುವ ಪ್ಲೇಟಿನ ಅಂಚಿಗೆ ಬೆರಳನ್ನು ಮೆಲ್ಲಗೆ ಒತ್ತಿ ಹಿಡಿದ. ಓಟ ತಗ್ಗಿತು. ಗಂಡಸು ಮತ್ತೆ ಬಂದ. ಬೆರಳು ಬಿಟ್ಟ, ಗುಬ್ಬಿ. ಒತ್ತಿದ, ಗಂಡಸು.

ಸೂಜಿ ಎತ್ತಿಟ್ಟು, ಬೆರಳಿಗೆ ಹತ್ತಿದ ಪುಡಿಯನ್ನು ಒರೆಸಿಕೊಳ್ಳುತ್ತ, ದನಿ ಏರಿಸದೆ ಕೇಳಿದ.

“ಮಾಸ್ತರ, ಹುಡಿಗಿ ಎಲ್ಲಿ?”

ಅಜ್ಜಪ್ಪ ಮಾಸ್ತರರ ಗಡ್ಡ ಆಡುವುದು ನಿಂತಿತ್ತು.

“ಇಸಾಕ ನಿಮ್ಮ ಬಾಜು ಕುಂತು ಸಾಲಿಗೆ ಸಾಲು ಹಾಡಿದ್ದರ, ಹಿಂಗ ಇಳಿಸಿ ಹಾಡತಿದ್ದ. ಅವಂಗ ಬೇರೆ ನಡಿ ಗೊತ್ತಿರಲಿಲ್ಲ. ಅವರವ್ವ ಇವತ್ತಿಗೂ ಹಂಗ ಗುನುಗತಾಳ. ಅವನ ಬಾಯಿಂದ ಕೇಳಿದ್ದರ ಇದು ಗಂಡಸು ಹಾಡಿದ್ದು ಅಂತ ನಿಮಗ ತಿಳೀತಿತ್ತು. ನೀವು ಹುಡಿಗಿ ಅಂದ್ರಿ. ಹುಡಿಗಿ ಹಾಡು ಅಂತ ತಿಳಿದು ಹೀರೋಯಿನ್‌ಗೆ ಕೊಟ್ರಿ. ನೀವು ಇಸಾಕನ ಬಾಯಿಂದ ಒಂದು ಅಕ್ಷರಾನೂ ಕೇಳಿಲ್ಲ. ಈ ಪೆಟ್ಟಿಗಿ ಬಾಯಿಂದ ಕೇಳೀರಿ. ಹೌದಲ್ಲೋ?”

ಬಂದೇಸಾಬ ಸೊಂಟದ ಕೋಳಕ್ಕೆ ಕೈ ಹಾಕಿದ. “ಹಾಕಲೇನ್ರಿ ಸಾಹೇಬ್ರ? ಪ್ಲೇಟು ಕದ್ದಂವನೇ ಕೊಂದಾನ. ಸಾಫ್ ಐತಿ.”

“ನೀ ಸುಮ್ಮ ನಿಂದ್ರು.”

ಮಾಸ್ತರರು ಹಾರ್ಮೋನಿಯಂ ಮೇಲೆ ಎರಡೂ ಕೈಯಿಟ್ಟರು. ಗಾಳಿಯ ತಿದಿ ಒತ್ತದ್ದರಿಂದ ದನಿ ಬರಲಿಲ್ಲ.

“ಕೊಂದಿಲ್ರಿ, ಸಾಹೇಬ್ರ. ದೇವರಾಣೆ ಕೊಂದಿಲ್ಲ. ಇಸಾಕ ನಮ್ಮ ಕಡೆ ಬರೋದು ಖರೆ. ಪರದೇಕ್ಕ ಬಣ್ಣ ಹಚ್ಚಾಕ ಕೂಡತಿದ್ದ. ಒಂದಿನಾ, ‘ಮಾಸೂರಿಗೆ ಹೋಗಿ ಬರ್ತೇನಿ ಮಾಸ್ತರ, ಮುನಾಫನ ಮಾವನ ಮನ್ಯಾಗ ಊಟ ಐತಿ, ಟ್ರಂಕ್ ಇಲ್ಲೇ ಇರಲಿ’ ಅಂತ ಸೈಕಲ್ಲ ಹತ್ತಿದಂವ ಬರಲೇ ಇಲ್ಲ. ಕೆರಿ ಸುದ್ದಿ ಬಂತು. ನಾ ಟ್ರಂಕ್ ತೆಗೆದೆ. ತಗೀಬಾರದಿತ್ತು.”

“ಯಾಕ ತೆಗೆದ್ರಿ?”

“ಏನ ಹೇಳ್ಲಿ? ಹಾನಗಲ್ಲಾಗ ನಮ್ಮ ಆಟಕ್ಕ ನಾಯೀನೂ ಬರವಲ್ಲದಾಗಿತ್ತು. ಒಲಿ ಹೊತ್ತೋದು ಒಂದಿನಾ ಹೌದು, ಒಂದಿನಾ ಇಲ್ಲ. ಪ್ಲೇಟು ಕಂಡ್ತು. ಹಾಕಿ ಕೇಳಿದೆ. ಮೈಮ್ಯಾಲೆ ಗುಳ್ಳಿ ಎದ್ವು. ರಾತ್ರ್ಯಾಗ ಕುಂತು ಕನ್ನಡ ಕಟ್ಟಿದೆ.”

ಮಾಸ್ತರರ ಕಣ್ಣಲ್ಲಿ ನೀರಾಡಿತು. ಆ ವಯಸ್ಸಿನ ಗಂಡಸು ಅಳುವುದನ್ನು ನೋಡಲಾಗದೆ ಬಂದೇಸಾಬ ಪರದೆಯ ಅರಮನೆಯ ಕಡೆ ತಿರುಗಿ ನಿಂತ.

“ಸಾಹೇಬ್ರ, ನಾ ಮೀಸಿ ಬಂದಾಗಿಂದ ಹಾಡು ಕಟ್ಟಾಕತ್ತೇನಿ. ಒಂದನ್ನೂ ಒಂದು ಕೂಸು ದಾರ್ಯಾಗ ಹಾಡಲಿಲ್ಲ. ಇದೊಂದನ್ನ ಹಾಡಿದ್ವು. ನೀರಿಗೆ ಹೋಗೋ ಹೆಣ್ಮಕ್ಕಳು ಹಾಡಿದ್ರು. ಸತ್ತ ಹುಡುಗನ ಟ್ರಂಕಿನಾಗ ಕದ್ದದ್ದು ಅಂತ ಯಾವ ಬಾಯಿಲೇ ಹೇಳ್ಲಿ? ಅವನೇ ಕಲಿಸಿದ ಅಂದೆ. ಅಂದೂ ಅಂದೂ ನನಗೂ ಖರೆ ಅನಸಾಕತ್ತಿತ್ತು.”

ಉಳಿವೆಪ್ಪನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಕಳ್ಳತನ ಕಳ್ಳತನವೇ. ಆದರೆ ಬದುಕಿನುದ್ದಕ್ಕೂ ಹಾಡು ಕಟ್ಟಿದವನು ತನ್ನದಲ್ಲದ ಒಂದೇ ಹಾಡಿಗೆ ಊರ ಬಾಯಿ ಸೇರಿದ್ದು ಅವನಿಗೆ ಪಾಪ ಅನ್ನಿಸಿತು. ಈ ಮುದುಕ ಕೆರೆಯ ದಂಡೆಯಲ್ಲಿ ಯಾರನ್ನೂ ಕೊಂದವನಲ್ಲ ಎಂದು ಅವನಿಗೆ ಬಗೆಹರಿದಿತ್ತು.

ಹಾಗಾದರೆ ಬಂದ ಕೆಲಸ ಆದಂತೆಯೂ ಆಗದಂತೆಯೂ ಆಯಿತು. ಸುಳ್ಳೊಂದು ಸಿಕ್ಕಿತು, ಮುನಾಫ ಬಿಡುಗಡೆಯಾಗುವಂಥದ್ದೇನೂ ಸಿಗಲಿಲ್ಲ. ಉಳಿವೆಪ್ಪ ಎದ್ದು ಟೊಪ್ಪಿಗೆ ಹಾಕಿಕೊಂಡ. ಎರಡು ಹೆಜ್ಜೆ ನಡೆದವನು ನಿಂತ.

“ಮಾಸ್ತರ, ನೀವು ಕಲಿಸಿದ್ದು ಓಡೋ ಹಾಡು. ಕಡೀ ನುಡಿ ಮಾದೇವಿ ಇಳಿಸಿ ಹಾಡ್ತಾಳ. ಅದನ್ನೂ ನೀವೇ ಕಲಿಸಿದ್ರ್ಯಾ?”

“ನಾನ? ಅಯ್ಯ, ಅದಕ್ಕ ದಿನಾ ಆಕಿ ಜೋಡಿ ಜಗಳಾಡ್ತೇನಿ!” ಮಾಸ್ತರರ ದನಿಗೆ ಮತ್ತೆ ಜೀವ ಬಂತು. “ಹಾನಗಲ್ಲಾಗ ಇರೋತನಕ ಸರಿಯಾಗಿ ಹಾಡಿದಾಕಿ. ಈ ಊರಿಗೆ ಬಂದು ವಾರ ಆತು, ಯಾವ ಗಾಳಿ ಬಡಿತೋ, ಕಡೀ ನುಡಿ ಹಿಂಜಾಕತ್ಯಾಳ. ಕೇಳಿದರ ಹೂಂ ಅನ್ನೂದಿಲ್ಲ, ಹಾಂ ಅನ್ನೂದಿಲ್ಲ.”

“ಆಕಿ ಇಸಾಕನ್ನ ನೋಡಿದ್ಲೇನು?”

“ಎಲ್ಲೀದ್ರಿ? ಆಕಿ ನಮ್ಮ ಕಂಪನಿ ಸೇರಿದ್ದೇ ದೀಪಾವಳಿ ಮುಗದ ಮ್ಯಾಲ. ಇಸಾಕ ಹೋಗಿ ಆಗಳೇ ಎಷ್ಟೋ ದಿನ ಆಗಿತ್ತು.”

ಉಳಿವೆಪ್ಪ ಟೊಪ್ಪಿಗೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದೊಂದು ಅವನ ಚಾಳಿ. ತಲೆಯೊಳಗೆ ಏನಾದರೂ ಹರಿದಾಡತೊಡಗಿದರೆ ಅವನಿಗೆ ಮೇಲೆ ಭಾರ ತಡೆಯದು.

ಈ ಹಾಡಿನ ಸರಿಯಾದ ನಡೆ ಬಲ್ಲವರು ಈ ಸೀಮೆಯಲ್ಲಿ ಮೂರೇ ಜನ. ಇಮಾಮಬಿ ಸವಣೂರು ಬಿಟ್ಟು ಕದಲಿಲ್ಲ. ಗೆಳೆಯನ ಬಾಯಲ್ಲಿ ಕೇಳಿರುವ ಮುನಾಫ ಲಾಕಪ್ಪಿನಲ್ಲಿದ್ದಾನೆ. ಮೂರನೆಯವನು ಸತ್ತಿದ್ದಾನೆ ಎಂದು ತಾನೇ ಸಹಿ ಮಾಡಿಯಾಗಿದೆ.

“ಮಾದೇವಿನ್ನ ಕರೀರಿ” ಎಂದ.

ಮಾದೇವಿ ಒದ್ದೆ ಕೂದಲನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ರಂಗದ ಮೇಲೆ ಊರಿಗೇ ಸೊಕ್ಕು ತೋರಿಸುವ ಹುಡುಗಿ ಇಲ್ಲಿ ಬರಿ ಮುಖದಲ್ಲಿ, ಹಣೆಯ ಮೇಲೆ ಬಣ್ಣದಿಂದ ಎದ್ದ ಗುಳ್ಳೆಗಳೊಂದಿಗೆ ನಿಂತಿದ್ದಳು. ಇಪ್ಪತ್ತೂ ತುಂಬಿರಲಿಕ್ಕಿಲ್ಲ. ಪೊಲೀಸರನ್ನು ಕಂಡು ಕಾಲ್ಬೆರಳಿನಿಂದ ನೆಲ ಕೆರೆದಳು.

“ಕುಂಡ್ರು ತಂಗೆವ್ವ. ಅಂಜಬ್ಯಾಡ. ನಿನ್ನ ಹಾಡು ನಿನ್ನೆ ಕೇಳಿದೆ.”

“ಹಾಂ ರಿ.”

“ಕಡೀ ನುಡಿ ಇಳಿಸಿ ಹಾಡಬೇಕಂತ ಯಾರ ಹೇಳಿದ್ರು?”

“ಯಾರೂ ಇಲ್ರಿ. ನನಗ ಹಂಗ ಹಾಡಬೇಕನಸ್ತು.”

ಅವಳು ನಾಟಕದವಳು. ಆದರೆ ಒಳ್ಳೆಯ ನಾಟಕದವರಿಗೂ ಬರೆದುಕೊಡದ ಸುಳ್ಳು ಹೇಳುವುದು ಕಷ್ಟ. ಉಳಿವೆಪ್ಪ ಅವಳ ಹತ್ತಿರಕ್ಕೆ ಸರಿದು ಕೂತ. ಹಿಂದಿನ ಅಡಿಗೆಯ ಚಪ್ಪರದಲ್ಲಿ ಯಾರೋ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

“ಆಣಿ ಮಾಡಿಸಿಕೊಂಡಾರೇನು?” ಎಂದ.

ಮಾದೇವಿ ಟವೆಲಿನ ತುದಿ ಹಿಂಡಿದಳು.

“ನೋಡವ್ವ. ಠಾಣೇ ಮುಂದ ಬೇವಿನ ಗಿಡದ ಬುಡಕ ಒಬ್ಬ ಹೆಣ್ಮಗಳು ಕುಂತಾಳ, ನೀರಿಗೆ ಹೋಗೂಮುಂದ ನೋಡಿರಬೇಕು ನೀನು. ಬಗಲಾಗ ಕೂಸೈತಿ. ಆಕಿ ಗಂಡನ್ನ ನಾಳೆ ಕೋರ್ಟಿಗೆ ಒಯ್ಯವರದೇವಿ. ಆ ಹಾಡು ತಂದ ಹುಡುಗನ್ನ ಕೊಂದಾನಂತ. ಅಂವ ಕೊಂದಿಲ್ಲ ಅಂತ ನನ್ನ ಮನಸು ಹೇಳತೈತಿ. ಕೋರ್ಟಿನವರು ನನ್ನ ಮನಸು ಕೇಳೂದಿಲ್ಲ. ನಿನ್ನ ಆಣಿ ದೊಡ್ಡದೋ, ಆ ಕೂಸಿನ ಅಪ್ಪನ ಜೀವ ದೊಡ್ಡದೋ, ನೀನೇ ಹೇಳು.”

ಟವೆಲು ಜಾರಿ ಅವಳ ಕೂದಲು ಬಿಚ್ಚಿಕೊಂಡಿತು. ಎತ್ತಿ ಕಟ್ಟಲಿಲ್ಲ.

“ಹಾಡು ತಂದಂವನ್ನ ಕೊಂದಾರ? ಯಾರ ಹೇಳಿದ್ರು ಹಂಗ?”

“ಊರಿಗೇ ಗೊತ್ತೈತಿ. ನಿನಗ ಗೊತ್ತಿಲ್ಲೇನು?”

“ನಾ ಹೊಸಬಾಕಿರಿ. ಕೆರ್‍ಯಾಗ ಯಾರೋ ಸತ್ತರಂತ ಕೇಳಿದ್ದೆ. ಹಾಡಿಗೂ ಅದಕ್ಕೂ...” ಅವಳು ಮಾಸ್ತರರನ್ನು ನೋಡಿದಳು. “ಹಾಡು ಮಾಸ್ತರರದು ಅಂತ ತಿಳಿದಿದ್ದೆ.”

ಮಾಸ್ತರರು ಮುಖ ಕೆಳಗೆ ಹಾಕಿದರು.

“ಒಬ್ಬಂವ ಬಂದಿದ್ದರಿ” ಎಂದಳು ಮಾದೇವಿ ಕೊನೆಗೆ. “ಈ ಊರಾಗ ಮೊದಲನೇ ಆಟದ ಮರುದಿನ. ನಾ ಹಿಂದ ಸೀರಿ ಒಣಗ ಹಾಕಾಕತ್ತಿದ್ದೆ. ಕಂಬಳಿ ಮುಸುಕ ಹಾಕ್ಕೊಂಡಿದ್ದ, ಗಡ್ಡ ಬಿಟ್ಟಿದ್ದ. ಭಿಕ್ಷಾದಂವ ಅಂತ ತಿಳಿದು ಹೋಗೋ ಅಂದೆ. ‘ಅಕ್ಕಾ, ಆ ಹಾಡು ಹಂಗ ಓಡಿಸಬ್ಯಾಡ, ಅದು ಹಡಗ ಬಿಡೋ ಹೊತ್ತಿನ ಹಾಡು’ ಅಂದ. ಅಲ್ಲೇ ನಿಂತು ಹಾಡಿದ.”

“ಹ್ಯಾಂಗ ಹಾಡಿದ?”

“ನಾ ಈಗ ಕಡೀ ನುಡಿ ಹಾಡ್ತೇನಲ್ರಿ, ಹಂಗ. ಹಾಡಿ ಹಾಡಿ ತಾನೇ ಅತ್ತ. ನನಗ ನಮ್ಮವ್ವನ ನೆನಪಾತು. ಪೂರಾ ಹಾಡು ಬದಲಿಸಿದರ ಮಾಸ್ತರರು ನನ್ನ ಬಿಡಸ್ತಾರ, ಒಂದು ನುಡಿ ಆದರೂ ಹಾಡ್ತೇನಿ ಅಂದೆ. ‘ನಾ ಬಂದಿದ್ದೆ ಅಂತ ಯಾರಿಗೂ ಹೇಳಬ್ಯಾಡ’ ಅಂತ ಆಣಿ ಹಾಕಿಸಿಕೊಂಡು ಹ್ವಾದ.”

“ಅವನ ಮೈಮ್ಯಾಲ ಏನರ ಗುರುತು ನೋಡಿದ್ಯಾ?”

ಮಾದೇವಿ ತನ್ನ ಎಡಗೈಯನ್ನು ತಿರುಗಿಸಿ ಮಣಿಕಟ್ಟಿನ ಒಳಮೈ ತೋರಿಸಿದಳು. “ಇಲ್ಲಿ ನೀಲಿ ಹಚ್ಚಿ ಇತ್ತರಿ. ಮೀನ ಹಿಡಿಯೋ ಗಾಳ ಇರತೈತಲ್ಲ, ಅಂಥದ್ದು, ಎರಡೂ ಕಡೆ ಕೊಕ್ಕಿ.”

ಬಂದೇಸಾಬ ತಾಳಲಾರದೆ ಮುಂದೆ ಬಂದ. “ಲಂಗರ್! ಹಡಗದ ಲಂಗರ್! ಸಾಹೇಬ್ರ, ಇಮಾಮಬಿ ಹೇಳಿದ್ಲಲ್ರಿ, ಮಗ ಕೈಮ್ಯಾಲ ಲಂಗರ್ ಹಚ್ಚಿ ಹಾಕಿಸಿಕೊಂಡು ಬಂದಾಗ ಆಕಿ ಅವನ ಜೋಡಿ ಮಾತಾ ಬಿಟ್ಟಿದ್ಲಂತ!”

ಉಳಿವೆಪ್ಪನಿಗೂ ಅದೇ ನೆನಪಾಗಿತ್ತು. ಅವನು ಅರಮನೆಯ ಪರದೆಯ ಎದುರು ಒಂದು ಸುತ್ತು ತಿರುಗಿದ, ಮೂಗು ಒರೆಸಿಕೊಂಡ. ಸತ್ತನೆಂದುಕೊಂಡವನು ಮೊನ್ನೆ ಮೊನ್ನೆ ಈ ಊರಿನಲ್ಲಿ ನಿಂತು ಹಾಡಿದ್ದಾನೆ. ಅತ್ತಿದ್ದಾನೆ. 

ಇಸಾಕ ಸತ್ತಿಲ್ಲ.

ಅಲ್ಲಿಂದ ಠಾಣೆಯ ತನಕ ಉಳಿವೆಪ್ಪ ನಡೆದದ್ದು ಫೌಜದಾರನ ನಡಿಗೆಯಲ್ಲ, ಶಾಲೆ ಬಿಟ್ಟ ಹುಡುಗನ ಓಟ. ಬಂದೇಸಾಬ ಹಿಂದೆ ಬೂಟು ಬಡಿಯುತ್ತ ಬಂದ. ದಾರಿಯಲ್ಲಿ ಯಾರೋ ಟ್ರಿಣ್ ಟ್ರಿಣ್ ಗುನುಗುತ್ತ ಸೈಕಲ್ಲಿನಲ್ಲಿ ಹೋದರು. ಎಲೆ ಕಟ್ಟುವ ಆ ಮುದುಕಿಗೆ ಸುದ್ದಿ ಮುಟ್ಟಿಸಬೇಕು, ನಾಳೆ ಅಲ್ಲ, ಇವತ್ತೇ ಯಾರನ್ನಾದರೂ ಸವಣೂರಿಗೆ ಕಳಿಸಬೇಕು ಎಂದು ಅವನು ಯೋಚಿಸುತ್ತಿದ್ದ. ಅದಕ್ಕೂ ಮೊದಲು ಬೇವಿನ ಮರ. ನೌಕರಿಗೆ ಸೇರಿದಾಗಿನಿಂದ ಜನರ ಬಾಗಿಲಿಗೆ ಅವನು ಒಯ್ದದ್ದೆಲ್ಲ ಕೆಟ್ಟ ಸುದ್ದಿಯೇ. ಇಂಥದ್ದೊಂದನ್ನು ಕೊಡುವ ಭಾಗ್ಯ ಮತ್ತೆ ಯಾವಾಗ ಬರುತ್ತದೋ.

ಹಮೀದುನ್ನೀಸಾ ರೊಟ್ಟಿಯನ್ನು ಹಾಲಿನಲ್ಲಿ ಹಿಸುಕಿ ಕೂಸಿಗೆ ತಿನ್ನಿಸುತ್ತಿದ್ದಳು. ಸಾಹೇಬರನ್ನು ಕಂಡು ಸೆರಗು ಎಳೆದುಕೊಂಡು ಎದ್ದಳು. ಎಂದಿನ ಮಾತು ಅವಳ ಬಾಯಿಗೆ ಬಂದೇ ಇತ್ತು.

“ಬಿಡ್ರಿ ಸಾಹೇಬ್ರ, ನನ್ನ...”

“ಬಿಡ್ತೇನಿ ತಂಗಿ!” ಎಂದ ಉಳಿವೆಪ್ಪ. ಏದುಸಿರು ಬಂದು ಮಾತು ತುಂಡಾಯಿತು. “ಬಿಡ್ತೇನಿ. ನಾಳೆ ಕೋರ್ಟೂ ಇಲ್ಲ, ಗೀರ್ಟೂ ಇಲ್ಲ. ನಿನ್ನ ಗಂಡ ಯಾರನ್ನೂ ಕೊಂದಿಲ್ಲ. ಇಸಾಕ ಬದುಕ್ಯಾನ. ಇದೇ ಊರಾಗ ಅದಾನ, ನೋಡಿದವರು ಹೇಳ್ಯಾರ.”

ಅವಳು ಅಳುತ್ತಾಳೆ ಎಂದುಕೊಂಡಿದ್ದ. ಕಾಲಿಗೆ ಬೀಳುತ್ತಾಳೆ, ಬಿದ್ದರೆ ಎತ್ತಬೇಕು ಎಂದೂ ಅಂದುಕೊಂಡಿದ್ದ.

ಹಮೀದುನ್ನೀಸಾ ಎರಡೂ ಮಾಡಲಿಲ್ಲ. ಬಗ್ಗಿ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಹಾಲಿನ ಬಟ್ಟಲು ಉರುಳಿದ್ದನ್ನು ನೋಡಲಿಲ್ಲ. ಅವಳ ಕಣ್ಣು ರಸ್ತೆಯ ಆ ತುದಿಯಿಂದ ಈ ತುದಿಗೆ ಹರಿದಾಡಿತು. ಸಂತೆಯ ಕಡೆಯಿಂದ ಬರುವ ಒಬ್ಬೊಬ್ಬರ ಮುಖವನ್ನೂ ಅವಳು ನೋಡುತ್ತಿದ್ದಳು.

“ಇದೇ ಊರಾಗ?” ಎಂದಳು.

“ಹೌದವ್ವ. ಯಾಕ?”

“ಸಾಹೇಬ್ರ, ಹಂಗಾದ್ರ ನನ್ನ ಗಂಡನ್ನ ಬಿಡಬ್ಯಾಡ್ರಿ.”

ಉಳಿವೆಪ್ಪನಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. “ಏನಂತಿ ತಂಗಿ? ಇಷ್ಟು ದಿನ...”

“ಇಷ್ಟು ದಿನ ಇಸಾಕ ಸತ್ತಾನಂತ ತಿಳಕೊಂಡು ಬಿಡ್ರಿ ಬಿಡ್ರಿ ಅಂದೆ. ಬದುಕಿದ್ದರ ಬ್ಯಾಡ್ರಿ, ಅರ್ಧಕ್ಕ ಬಿಟ್ಟದ್ದನ್ನ ಮುಗಸಾಕ ಬರತಾನ. ಕಾಲಿಗೆ ಬೀಳ್ತೇನಿ, ಕೋರ್ಟಿಗಾದರೂ ಒಯ್ರಿ, ಜೇಲಿಗಾದರೂ ಹಾಕ್ರಿ. ಕೀಲಿ ಮಾತ್ರ ತೆಗೀಬ್ಯಾಡ್ರಿ.”

ಕೂಸಿನ ತಲೆಯ ಮೇಲೆ ಕೈಯಿಟ್ಟುಕೊಂಡು, ಒಳಗಿನ ಕಂಬಿಗಳ ಕಡೆಗೆ ಒಮ್ಮೆ ನೋಡಿ, ಅವಳು ಹೇಳಿದಳು.

“ಕೆರೀ ದಂಡ್ಯಾಗ ಸಿಕ್ಕ ಅಂಗಿ ಇಸಾಕಂದು, ಖರೆ. ಅದರ ಮ್ಯಾಲಿನ ರಕ್ತ ಯಾರದಂತ ನೀವು ಒಬ್ಬರೂ ಕೇಳಲಿಲ್ಲ. ಅದು ನನ್ನ ಗಂಡಂದು ಸಾಹೇಬ್ರ.”